ಇಲ್ಲದ ರಾಜ್ಯಗಳ ಹೆಸರು: ಯುಟೋಪಿಯಾದಿಂದ ಗೊಂಡೋರ್‌ವರೆಗೆ ಕಲ್ಪಿತ ಸ್ಥಳನಾಮಗಳ ಚರಿತ್ರೆ

1. ಪ್ರವೇಶ

ಸ್ಥಳನಾಮಗಳ ಅಧ್ಯಯನವು ಎರಡು ಗೃಹೀತಗಳ ಮೇಲೆ ನಿಂತಿದೆ. ಹೆಸರು ಸೂಚಿಸುವ ನೆಲವೊಂದು ಇದೆ ಅಥವಾ ಹಿಂದೆ ಇತ್ತು ಎಂಬುದು ಮೊದಲನೆಯದು. ಆ ಹೆಸರು ಹಲವು ತಲೆಮಾರುಗಳ ಬಾಯಲ್ಲಿ ಸವೆದು, ಕೆಲವೊಮ್ಮೆ ಬೇರೆ ಭಾಷೆಯವರ ಕೈಗೆ ಸಿಕ್ಕಿ ಮಾರ್ಪಟ್ಟು, ಇಂದಿನ ರೂಪಕ್ಕೆ ಬಂದಿದೆ ಎಂಬುದು ಎರಡನೆಯದು. ಊರಿನ ಹೆಸರೊಂದನ್ನು ಎದುರಿಗಿಟ್ಟುಕೊಂಡು ಅದರ ವಾರ್ಗಿಕ ಘಟಕ ಯಾವುದು, ನಿರ್ದಿಷ್ಟ ಘಟಕ ಯಾವುದು, ಶಾಸನಗಳಲ್ಲಿ ಅದರ ಹಳೆಯ ರೂಪ ಯಾವುದು ಎಂದು ನಾವು ಕೇಳುವಾಗಲೆಲ್ಲ ಈ ಎರಡು ಗೃಹೀತಗಳು ನಮ್ಮ ಪ್ರಶ್ನೆಗಳ ಹಿಂದೆ ಇರುತ್ತವೆ.

ಕಲ್ಪಿತ ಕಥನಗಳಲ್ಲಿ ಬರುವ ರಾಜ್ಯಗಳ ಹೆಸರುಗಳಿಗೆ ಇವೆರಡೂ ಅನ್ವಯಿಸುವುದಿಲ್ಲ. ಅಲ್ಲಿ ನೆಲವಿಲ್ಲ, ಸವೆಸಿದ ಬಾಯಿಗಳೂ ಇಲ್ಲ. ಒಬ್ಬ ಲೇಖಕ ಮೇಜಿನ ಮುಂದೆ ಕುಳಿತು ಹೆಸರನ್ನು ಕಟ್ಟುತ್ತಾನೆ. ಆದರೂ ಅಂಥ ಕೆಲವು ಹೆಸರುಗಳು ಓದುಗರ ಮನಸ್ಸಿನಲ್ಲಿ ನಿಜವಾದ ದೇಶದ ಹೆಸರಿನಂತೆ ನೆಲೆಗೊಳ್ಳುತ್ತವೆ. ಕೆಲವು ಪುಟ ತಿರುಗಿಸುವಷ್ಟರಲ್ಲಿ ಮಾಸಿಹೋಗುತ್ತವೆ. ಈ ವ್ಯತ್ಯಾಸಕ್ಕೆ ಭಾಷಿಕವಾದ ಕಾರಣವಿದೆಯೇ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ನಮ್ಮ ವಾದವನ್ನು ಆರಂಭದಲ್ಲಿಯೇ ಹೇಳುವುದು ಒಳಿತು. ಕಲ್ಪಿತ ರಾಜ್ಯದ ಹೆಸರು ನಂಬಿಕೆ ಹುಟ್ಟಿಸುವುದು ಅದರ ಅರ್ಥದ ಚಮತ್ಕಾರದಿಂದಲೂ ಅಲ್ಲ, ಧ್ವನಿಯ ವಿಲಕ್ಷಣತೆಯಿಂದಲೂ ಅಲ್ಲ. ಆ ಹೆಸರು ಒಮ್ಮೆ ಬೇರೆ ರೂಪದಲ್ಲಿತ್ತು, ಒಂದಕ್ಕಿಂತ ಹೆಚ್ಚು ಜನಸಮುದಾಯಗಳು ಅದನ್ನು ಆಡಿವೆ ಎಂಬುದರ ಗುರುತುಗಳು ಅದರ ಮೈಮೇಲೆ ಇದ್ದಾಗ ಓದುಗ ಅದನ್ನು ನಂಬುತ್ತಾನೆ. ಈ ತಿಳಿವು ಐರೋಪ್ಯ ಸಾಹಿತ್ಯದಲ್ಲಿ ಸುಮಾರು ನಾಲ್ಕು ಶತಮಾನಗಳ ಅವಧಿಯಲ್ಲಿ ಹಂತಹಂತವಾಗಿ ರೂಪುಗೊಂಡಿತು. 1516ರ ಯುಟೋಪಿಯಾದಿಂದ 1954-55ರಲ್ಲಿ ಪ್ರಕಟವಾದ ‘ದ ಲಾರ್ಡ್ ಆಫ್ ದ ರಿಂಗ್ಸ್’ ಕೃತಿಯ ಗೊಂಡೋರ್‌ವರೆಗಿನ ಆ ದಾರಿಯನ್ನು ಇಲ್ಲಿ ಗುರುತಿಸಿ, ಬಳಿಕ ಈ ಹೆಸರುಗಳು ಭಾರತೀಯ ಕಿವಿಗೆ, ವಿಶೇಷವಾಗಿ ಕನ್ನಡದ ಕಿವಿಗೆ, ಹೇಗೆ ಕೇಳಿಸುತ್ತವೆ ಎಂಬುದನ್ನು ಪರಿಶೀಲಿಸುತ್ತೇವೆ.

2. ಅರ್ಥದಿಂದ ಕಟ್ಟಿದ ಹೆಸರು

ಥಾಮಸ್ ಮೋರ್‌ನ ಲ್ಯಾಟಿನ್ ಕೃತಿ ‘ಯುಟೋಪಿಯಾ’ 1516ರಲ್ಲಿ ಲುವೇನ್ ನಗರದಲ್ಲಿ ಅಚ್ಚಾಯಿತು. ಬರವಣಿಗೆಯ ಕಾಲದಲ್ಲಿ ಮೋರ್ ಮತ್ತು ಅವನ ಸ್ನೇಹಿತ ಎರಾಸ್ಮಸ್ ತಮ್ಮ ಪತ್ರಗಳಲ್ಲಿ ಈ ದ್ವೀಪವನ್ನು ‘ನುಸ್ಕ್ವಾಮ’ ಎಂದು ಕರೆಯುತ್ತಿದ್ದರು. ಲ್ಯಾಟಿನ್ನಿನಲ್ಲಿ ‘ನುಸ್ಕ್ವಾಮ್’ ಎಂದರೆ ‘ಎಲ್ಲಿಯೂ ಇಲ್ಲ’. ಅಚ್ಚಿಗೆ ಹೋಗುವ ವೇಳೆಗೆ ಅದೇ ಅರ್ಥವು ಗ್ರೀಕ್ ವೇಷ ತೊಟ್ಟಿತು: ನಿಷೇಧಾರ್ಥದ ‘ಊ’, ಸ್ಥಳವಾಚಿಯಾದ ‘ತೊಪೊಸ್’, ದೇಶವಾಚಿಯಾಗಿ ಬಳಕೆಯಲ್ಲಿದ್ದ ‘-ಇಯಾ’.

ಈ ರಚನೆಯಲ್ಲಿ ವ್ಯಾಕರಣದ ದೃಷ್ಟಿಯಿಂದ ಗಮನಿಸಬೇಕಾದ ಒಂದು ಅಂಶವಿದೆ. ಗ್ರೀಕ್ ಭಾಷೆಯಲ್ಲಿ ಸಮಾಸದ ಪೂರ್ವಪದವಾಗಿ ನಿಷೇಧವನ್ನು ಹೇಳುವ ಸಹಜ ಮಾರ್ಗ ‘ಅ-’ ಎಂಬುದು. ಸಂಸ್ಕೃತದ ‘ಅ-’ ಉಪಸರ್ಗಕ್ಕೆ ಅದು ಜ್ಞಾತಿ. ‘ಅತೊಪೊಸ್’ ಎಂಬ ಪದ ಗ್ರೀಕ್‌ನಲ್ಲಿ ಮೊದಲೇ ಇತ್ತು. ಅದರ ಅರ್ಥ ‘ವಿಚಿತ್ರ, ಅನುಚಿತ’. ಮೋರ್‌ಗೆ ಈ ಕ್ರಮ ತಿಳಿದಿತ್ತು. ಅದೇ ಕೃತಿಯಲ್ಲಿ ಬರುವ ‘ಅಕೋರಿ’ ಎಂಬ ಜನಾಂಗದ ಹೆಸರನ್ನು ಅವನು ‘ಅ-’ ಮತ್ತು ‘ಕೋರಾ’ (ನಾಡು) ಎಂಬವುಗಳಿಂದ ಕ್ರಮಬದ್ಧವಾಗಿಯೇ ಕಟ್ಟಿದ್ದಾನೆ. ದ್ವೀಪದ ಹೆಸರಿನಲ್ಲಿ ಮಾತ್ರ ಕ್ರಮ ತಪ್ಪಿದ ‘ಊ’ವನ್ನು ಆರಿಸಿಕೊಂಡಿದ್ದರಿಂದ ಒಂದು ಲಾಭವಾಯಿತು: ‘ಒಳ್ಳೆಯ’ ಎಂಬರ್ಥದ ‘ಎಉ’ ಪೂರ್ವಪದದೊಂದಿಗೆ ಶ್ಲೇಷೆ ಸಾಧ್ಯವಾಯಿತು. ಗ್ರಂಥದ ಆರಂಭದ ಕಿರುಪದ್ಯವೊಂದು ಈ ನಾಡನ್ನು ‘ಎಉಟೋಪಿಯಾ’ ಎಂದೇ ಕರೆಯಬೇಕೆಂದು ಸೂಚಿಸಿ ಆ ಶ್ಲೇಷೆಯನ್ನು ಬಿಡಿಸಿಟ್ಟಿದೆ.

ಉಳಿದ ಹೆಸರುಗಳೂ ಇದೇ ಜಾಡಿನವು. ರಾಜಧಾನಿ ‘ಅಮೌರೋಟುಂ’ ಎಂದರೆ ಮಸುಕಾದದ್ದು. ನದಿ ‘ಅನಿದ್ರುಸ್’ ಎಂದರೆ ನೀರಿಲ್ಲದ್ದು. ಹೆಸರೇ ತನ್ನ ವಸ್ತುವನ್ನು ಅಳಿಸಿಹಾಕುತ್ತದೆ. ಗ್ರೀಕ್ ಬಲ್ಲ ಪಂಡಿತರಿಗಾಗಿ ಬರೆದ ಈ ಕೃತಿಯಲ್ಲಿ ಹೆಸರುಗಳು ಒಗಟುಗಳಾಗಿದ್ದವು. ಬಿಡಿಸಿದೊಡನೆ ಅವುಗಳ ಕೆಲಸ ಮುಗಿಯುತ್ತಿತ್ತು.

ಮೋರ್ ತನ್ನ ದ್ವೀಪಕ್ಕೆ ಒಂದು ಹಳೆಯ ಹೆಸರನ್ನೂ ಕೊಟ್ಟಿದ್ದಾನೆ ಎಂಬುದು ನಮಗೆ ಹೆಚ್ಚು ಮುಖ್ಯವೆನಿಸುತ್ತದೆ. ಯುಟೋಪುಸ್ ಎಂಬ ರಾಜ ಅದನ್ನು ಗೆಲ್ಲುವ ಮೊದಲು ಆ ನೆಲಕ್ಕೆ ‘ಅಬ್ರಾಕ್ಸಾ’ ಎಂಬ ಹೆಸರಿತ್ತಂತೆ. ಗೆದ್ದವನು ತನ್ನ ಹೆಸರನ್ನು ನೆಲಕ್ಕಿಟ್ಟ, ಹಳೆಯದು ಅಳಿಯಿತು ಎಂಬ ಈ ಒಂದು ವಾಕ್ಯದಲ್ಲಿ ನಿಜವಾದ ಸ್ಥಳನಾಮಚರಿತ್ರೆಯ ಬೀಜವಿದೆ. ಮೋರ್ ಅದನ್ನು ಬೆಳೆಸಲಿಲ್ಲ. ಹಳೆಯ ಹೆಸರು ಹೊಸದರ ಧ್ವನಿಯಲ್ಲಿ ಯಾವ ಕುರುಹನ್ನೂ ಬಿಟ್ಟಿಲ್ಲ.

3. ಧ್ವನಿಯಿಂದ ಕಟ್ಟಿದ ಹೆಸರು

ಎರಡು ಶತಮಾನಗಳ ನಂತರ, 1726ರಲ್ಲಿ, ಜೊನಾಥನ್ ಸ್ವಿಫ್ಟ್‌ನ ‘ಗಲಿವರನ ಪ್ರವಾಸಗಳು’ ಪ್ರಕಟವಾದಾಗ ಪದ್ಧತಿ ತಲೆಕೆಳಗಾಗಿತ್ತು. ಲಿಲಿಪುಟ್, ಬ್ರಾಬ್ಡಿಂಗ್ನಾಗ್, ಬಾಲ್ನಿಬಾರ್ಬಿ, ಲಗ್ನಾಗ್ ಮುಂತಾದ ಹೆಸರುಗಳು ಬಿಡಿಸಲು ಬಾರದವು. ಲಿಲಿಪುಟ್‌ಗೆ ವಿದ್ವಾಂಸರು ಅನೇಕ ವ್ಯುತ್ಪತ್ತಿಗಳನ್ನು ಸೂಚಿಸಿದ್ದಾರೆ, ಯಾವುದೂ ಸರ್ವಸಮ್ಮತವಾಗಿಲ್ಲ.

ಇಲ್ಲಿ ಕೆಲಸ ಮಾಡುವುದು ಧ್ವನಿ. ಕುಬ್ಜರ ನಾಡಿನ ಹೆಸರಿನಲ್ಲಿ ‘ಲ’ಕಾರಗಳೂ ಹ್ರಸ್ವ ‘ಇ’ಕಾರಗಳೂ ತುಂಬಿವೆ, ದೈತ್ಯರ ನಾಡಿನ ಹೆಸರಿನಲ್ಲಿ ‘ಬ’, ‘ಡ’, ‘ಗ’ ಎಂಬ ಘೋಷಸ್ಪರ್ಶಗಳು ಒತ್ತೊತ್ತಾಗಿ ನಿಂತಿವೆ. ಇಪ್ಪತ್ತನೆಯ ಶತಮಾನದಲ್ಲಿ ಓಟೋ ಯೆಸ್ಪರ್ಸನ್ ‘ಇ’ ಸ್ವರಕ್ಕೂ ಸಣ್ಣತನದ ಭಾವಕ್ಕೂ ಇರುವ ನಂಟನ್ನು ಕುರಿತು 1922ರಲ್ಲಿ ಬರೆದರು. ಎಡ್ವರ್ಡ್ ಸಪೀರ್ 1929ರಲ್ಲಿ ಅರ್ಥವಿಲ್ಲದ ಪದಗಳನ್ನು ಬಳಸಿ ಪ್ರಯೋಗ ನಡೆಸಿ, ‘ಮಿಲ್’, ‘ಮಲ್’ ಎಂಬ ಜೋಡಿಯಲ್ಲಿ ಎರಡನೆಯದನ್ನೇ ದೊಡ್ಡ ವಸ್ತುವಿನ ಹೆಸರೆಂದು ಬಹುಪಾಲು ಜನ ಆರಿಸುತ್ತಾರೆಂದು ತೋರಿಸಿದರು. ಸ್ವಿಫ್ಟ್ ಇದನ್ನು ಸಿದ್ಧಾಂತವಿಲ್ಲದೆಯೇ ಅರಿತಿದ್ದ. ಇದು ಒಲವೇ ಹೊರತು ನಿಯಮವಲ್ಲ ಎಂಬುದಕ್ಕೆ ಕನ್ನಡವೇ ಸಾಕ್ಷಿ. ಕಿರಿದು, ಹಿರಿದು ಎಂಬೆರಡು ಪದಗಳಲ್ಲಿಯೂ ಇರುವುದು ಒಂದೇ ‘ಇ’ಕಾರ, ಹಳಗನ್ನಡದ ‘ಪಿರಿದು’ ರೂಪದಲ್ಲಿಯೂ ಅದೇ. ಗಾತ್ರದ ಭೇದವನ್ನು ನಮ್ಮ ಭಾಷೆ ಸ್ವರದಿಂದ ಹೇಳದೆ ಮೊದಲ ವ್ಯಂಜನದಿಂದ ಹೇಳಿಬಿಟ್ಟಿದೆ.

ಸ್ವಿಫ್ಟ್ ವ್ಯುತ್ಪತ್ತಿಶಾಸ್ತ್ರವನ್ನೇ ಅಣಕಿಸುವ ಒಂದು ಪ್ರಸಂಗವೂ ಈ ಕೃತಿಯಲ್ಲಿದೆ. ಹಾರುವ ದ್ವೀಪ ಲಾಪುಟಾದ ಪಂಡಿತರು ಆ ಹೆಸರನ್ನು ‘ಎತ್ತರ’ ಮತ್ತು ‘ಆಳುವವನು’ ಎಂಬರ್ಥದ ಎರಡು ಹಳೆಯ ಪದಗಳ ಅಪಭ್ರಂಶವೆನ್ನುತ್ತಾರೆ. ಗಲಿವರ್ ಅದನ್ನು ಒಪ್ಪದೆ, ಕಡಲ ಮೇಲೆ ಕುಣಿಯುವ ಬಿಸಿಲು ಮತ್ತು ರೆಕ್ಕೆ ಎಂಬ ಪದಗಳಿಂದ ಇನ್ನೊಂದು ವ್ಯುತ್ಪತ್ತಿ ಹೊಸೆಯುತ್ತಾನೆ. ಸ್ಪ್ಯಾನಿಷ್ ಬಲ್ಲ ಓದುಗರಿಗೆ ಮಾತ್ರ ಆ ಹೆಸರು ಒಂದು ಒರಟು ಬೈಗುಳವಾಗಿ ಕೇಳಿಸುತ್ತದೆ. ‘ಬೆಂದಕಾಳೂರು’ ಎಂಬ ಕಥೆಯನ್ನೂ, ಬಲ್ಲಾಳನ ಆ ಕಥೆಗಿಂತ ಹಿಂದಿನದಾದ, ಸುಮಾರು ಕ್ರಿ.ಶ. 890ರ ಬೇಗೂರು ಶಾಸನದಲ್ಲಿಯೇ ಬೆಂಗಳೂರಿನ ಹೆಸರು ಬರುವುದನ್ನೂ ಒಟ್ಟಿಗೆ ಬಲ್ಲ ನಮಗೆ ಈ ಅಣಕದ ಮೊನಚು ಚೆನ್ನಾಗಿಯೇ ತಾಗುತ್ತದೆ.

1735ರ ಡಬ್ಲಿನ್ ಆವೃತ್ತಿಗೆ ಸೇರಿಸಿದ ಪತ್ರವೊಂದರಲ್ಲಿ ಗಲಿವರ್ ಇನ್ನೊಂದು ಆಕ್ಷೇಪ ಎತ್ತುತ್ತಾನೆ: ದೈತ್ಯರ ನಾಡಿನ ಸರಿಯಾದ ಹೆಸರು ‘ಬ್ರಾಬ್ಡಿಂಗ್ರಾಗ್’, ಮುದ್ರಕರು ಅದನ್ನು ಕೆಡಿಸಿದ್ದಾರೆ ಎಂದು. ಇದು ತಮಾಷೆಯೇ ಸರಿ. ಆದರೂ ಕಲ್ಪಿತ ಹೆಸರೊಂದಕ್ಕೆ ‘ಸರಿಯಾದ ರೂಪ’ ಮತ್ತು ‘ಕೆಟ್ಟ ರೂಪ’ ಎಂಬ ಎರಡು ಅವಸ್ಥೆಗಳಿರಬಹುದು, ಅವುಗಳ ನಡುವಿನ ಅಂತರವೇ ಅದಕ್ಕೆ ವಾಸ್ತವದ ಬಣ್ಣ ಕೊಡಬಹುದು ಎಂಬ ತಿಳಿವು ಇಲ್ಲಿ ಕಾಣಿಸಿಕೊಂಡಿದೆ. ಹೆಸರು ತಪ್ಪಾಗಿ ದಾಖಲಾಗಬೇಕಾದರೆ ಅದು ದಾಖಲೆಗೆ ಮುಂಚೆ ಎಲ್ಲಿಯೋ ಇದ್ದಿರಬೇಕಷ್ಟೆ.

4. ಪ್ರತ್ಯಯದಿಂದ ಕಟ್ಟಿದ ಹೆಸರು

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮೂರನೆಯ ಮಾರ್ಗವೊಂದು ತೆರೆಯಿತು. 1894ರಲ್ಲಿ ಆಂಟನಿ ಹೋಪ್ ‘ದ ಪ್ರಿಸನರ್ ಆಫ್ ಜೆಂಡಾ’ ಕಾದಂಬರಿಯಲ್ಲಿ ‘ರುರಿಟಾನಿಯಾ’ ಎಂಬ ರಾಜ್ಯವನ್ನು ಸೃಷ್ಟಿಸಿದ. ಮೊದಲ ಭಾಗ ಲ್ಯಾಟಿನ್ನಿನಲ್ಲಿ ಹಳ್ಳಿಗಾಡನ್ನು ಹೇಳುವ ‘ರೂಸ್, ರೂರಿಸ್’. ಎರಡನೆಯ ಭಾಗ ಲುಸಿಟಾನಿಯಾ, ಮೌರಿಟಾನಿಯಾ, ಅಕ್ವಿಟಾನಿಯಾ ಎಂಬ ರೋಮನ್ ಪ್ರಾಂತಗಳ ಹೆಸರುಗಳಿಂದ ಕತ್ತರಿಸಿ ತೆಗೆದದ್ದು. ರಾಜಧಾನಿ ‘ಸ್ಟ್ರೆಲ್ಸೌ’, ಅದರ ಅಂತ್ಯಭಾಗ ಬ್ರೆಸ್ಲೌ ಮೊದಲಾದ ಮಧ್ಯಯುರೋಪಿನ ಊರುಗಳನ್ನು ನೆನಪಿಸುತ್ತದೆ. ಕಥಾನಾಯಕ ಪ್ಯಾರಿಸ್ಸಿನಿಂದ ಡ್ರೆಸ್ಡೆನ್ ದಾರಿಯಾಗಿ ರೈಲಿನಲ್ಲಿಯೇ ಆ ರಾಜ್ಯಕ್ಕೆ ಹೋಗುತ್ತಾನೆ.

ಓದುಗ ಇಲ್ಲಿ ಅರ್ಥವನ್ನು ಬಿಡಿಸಬೇಕಿಲ್ಲ, ಧ್ವನಿಯನ್ನು ಸವಿಯಬೇಕಿಲ್ಲ. ಪ್ರತ್ಯಯವೇ ಭೂಪಟದಲ್ಲಿ ಸ್ಥಳ ತೋರಿಸುತ್ತದೆ. ಈ ವಿಧಾನದ ಯಶಸ್ಸು ಎಷ್ಟೆಂದರೆ, ಮುಂದೆ ಅಂತರರಾಷ್ಟ್ರೀಯ ಕಾನೂನು ಮತ್ತು ಅರ್ಥಶಾಸ್ತ್ರದ ಬರಹಗಳಲ್ಲಿ ಉದಾಹರಣೆಗೆ ಬೇಕಾದ ಯಾವುದೋ ಒಂದು ದೇಶಕ್ಕೆ ‘ರುರಿಟಾನಿಯಾ’ ಎಂಬುದೇ ಸಾಮಾನ್ಯ ಹೆಸರಾಯಿತು. ಅಂಕಿತನಾಮವು ರೂಢನಾಮದತ್ತ ಸರಿಯಿತು. ಇದನ್ನು ಯಶಸ್ಸೆಂದೂ ಕರೆಯಬಹುದು, ಮಿತಿಯೆಂದೂ ಕರೆಯಬಹುದು: ಯಾವ ದೇಶಕ್ಕಾದರೂ ಒಪ್ಪುವ ಹೆಸರು ಯಾವ ದೇಶದ್ದೂ ಅಲ್ಲ.

ಇದೇ ಉಪಾಯವನ್ನು ಅಮೆರಿಕದ ಕಥೆಗಾರ ರಾಬರ್ಟ್ ಇ. ಹೋವರ್ಡ್ 1930ರ ದಶಕದಲ್ಲಿ ಇಡೀ ಜಗತ್ತಿಗೆ ಹಬ್ಬಿಸಿದ. ಅವನ ಕೋನನ್ ಕಥೆಗಳ ಪ್ರಾಚೀನ ಲೋಕದಲ್ಲಿ ಚೀನಾವನ್ನು ನೆನಪಿಸುವ ‘ಖಿತಾಯ್’, ಅಫ್ಘಾನರನ್ನು ನೆನಪಿಸುವ ‘ಅಫ್ಘೂಲಿಸ್ತಾನ್’, ಭಾರತವನ್ನು ನೆನಪಿಸುವ ‘ವೆಂಧ್ಯಾ’ ಇವೆ. 1934ರಲ್ಲಿ ‘ವಿಯರ್ಡ್ ಟೇಲ್ಸ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ‘ದ ಪೀಪಲ್ ಆಫ್ ದ ಬ್ಲ್ಯಾಕ್ ಸರ್ಕಲ್’ ಕಥೆಯಲ್ಲಿ ವೆಂಧ್ಯಾದ ರಾಜಧಾನಿ ಅಯೋಧ್ಯೆ. ರಾಜ ಭುಂದಾ ಚಂದ್. ಅವನ ತಂಗಿ ಯಾಸ್ಮಿನಾ, ‘ದೇವಿ’ ಎಂಬುದು ಅವಳ ಪದವಿ. ಪರ್ವತಶ್ರೇಣಿಯೊಂದರ ಹೆಸರಿನ ಒಂದು ಸ್ವರ ಬದಲಾಗಿ ದೇಶದ ಹೆಸರಾಗಿದೆ; ರಾಮಾಯಣದ ನಗರ, ಉತ್ತರ ಭಾರತದ ಅಂಕಿತನಾಮ, ಪಾರಸಿ ಮೂಲದ ಹೆಸರು ಒಂದೇ ಅರಮನೆಯಲ್ಲಿ ನೆರೆದಿವೆ.

ಇಂಥ ಬೆರಕೆ ನಿಜವಾದ ಭಾರತದಲ್ಲಿಯೂ ಉಂಟು. ಆದರೆ ಅಲ್ಲಿ ಪ್ರತಿ ಪದರಕ್ಕೂ ಒಂದು ಕಾಲವಿದೆ, ಬಂದ ದಾರಿಯಿದೆ. ಹೋವರ್ಡ್‌ನ ಕಥೆಯಲ್ಲಿ ಅವೆಲ್ಲ ಒಂದೇ ದಿನ ಒಂದೇ ಪೆಟ್ಟಿಗೆಯಿಂದ ತೆಗೆದ ಒಡವೆಗಳು. ಅಮೆರಿಕದ ಓದುಗನಿಗೆ ‘ವೆಂಧ್ಯಾ’ ದೂರದ, ಮಂಜಿನ ಹಿಂದಿನ ನಾಡು. ನಮಗೆ ಅದು ಕಾಗುಣಿತ ತಪ್ಪಿದ ವಿಂಧ್ಯ. ಹೆಸರಿನ ವಿಲಕ್ಷಣತೆಯು ಹೆಸರಿನಲ್ಲಿ ಇರುವ ಗುಣವಲ್ಲ. ಹೆಸರಿಗೂ ಕೇಳುಗನ ಭಾಷೆಗೂ ನಡುವಿನ ದೂರ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

5. ಚರಿತ್ರೆಯಿಂದ ಕಟ್ಟಿದ ಹೆಸರು

ನಾಲ್ಕನೆಯ ಮಾರ್ಗವನ್ನು ಕಂಡುಕೊಂಡವರು ವೃತ್ತಿಯಿಂದ ಭಾಷಾಶಾಸ್ತ್ರಜ್ಞರಾಗಿದ್ದ ಜೆ. ಆರ್. ಆರ್. ಟೋಲ್ಕಿನ್. 1919-20ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಿಬ್ಬಂದಿಯಾಗಿ ‘ಡಬ್ಲ್ಯು’ ಅಕ್ಷರದ ಪದಗಳ ವ್ಯುತ್ಪತ್ತಿಯ ಮೇಲೆ ಕೆಲಸ ಮಾಡಿದವರು. ಲಿಡ್ನಿ ಪಾರ್ಕ್ ಉತ್ಖನನದ 1932ರ ವರದಿಗೆ ‘ನೋಡೆನ್ಸ್’ ಎಂಬ ದೇವನಾಮದ ಕುರಿತು ಟಿಪ್ಪಣಿ ಬರೆದವರು. ಭಾಷೆಗಳನ್ನು ಕಲ್ಪಿಸುವ ತಮ್ಮ ಹವ್ಯಾಸವನ್ನು ಅವರು 1931ರ ಉಪನ್ಯಾಸವೊಂದರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಅವರಲ್ಲಿ ಭಾಷೆ ಮೊದಲು, ಕಥೆ ಅನಂತರ.

ಗೊಂಡೋರ್ ಎಂಬ ಹೆಸರನ್ನೇ ತೆಗೆದುಕೊಳ್ಳೋಣ. ಅರ್ಥ ಸರಳ: ‘ಗೊಂಡ್’ ಎಂದರೆ ಕಲ್ಲು, ‘ದೋರ್’ ಎಂದರೆ ನಾಡು, ಕಲ್ಲುನಾಡು. ಮೋರ್‌ನ ಹೆಸರುಗಳಂತೆ ಇದನ್ನೂ ಬಿಡಿಸಬಹುದು. ಆದರೆ ಬಿಡಿಸಿದ ಮೇಲೆ ಇದರ ಕೆಲಸ ಮುಗಿಯುವುದಿಲ್ಲ. ಟೋಲ್ಕಿನ್ ಕಲ್ಪಿಸಿದ ಎರಡು ಸೋದರಭಾಷೆಗಳಲ್ಲಿ ಒಂದಾದ ಕ್ವೆನ್ಯಾದಲ್ಲಿ ಕಲ್ಲಿಗೆ ‘ಒಂಡೊ’ ಎಂಬ ರೂಪವಿದೆ. ಇನ್ನೊಂದಾದ ಸಿಂಡರಿನ್‌ನಲ್ಲಿ ‘ಗೊಂಡ್’. ಇವೆರಡರ ಹಿಂದಿನ ಮೂಲರೂಪದ ಆದಿಯ ‘ಗ’ಕಾರವನ್ನು ಮೊದಲನೆಯದು ಕಳೆದುಕೊಂಡಿತು, ಎರಡನೆಯದು ಉಳಿಸಿಕೊಂಡಿತು. ಮರವನ್ನು ಹೇಳುವ ‘ಅಲ್ದ’ ಮತ್ತು ‘ಗಲಧ್’ ಎಂಬ ಜೋಡಿಯಲ್ಲಿಯೂ ಇದೇ ಸಂವಾದವಿದೆ. ನಾಡು ಎಂಬುದಕ್ಕೆ ಕ್ವೆನ್ಯಾದಲ್ಲಿ ‘ನೋರೆ’, ಸಿಂಡರಿನ್‌ನಲ್ಲಿ ‘ದೋರ್’. ಆದಿಯ ‘ನ್ದ’ ಎಂಬ ಒತ್ತಕ್ಷರ ಒಂದೆಡೆ ‘ನ’ವಾಗಿ, ಇನ್ನೊಂದೆಡೆ ‘ದ’ವಾಗಿ ಸರಳಗೊಂಡಿದೆ. ತಮಿಳಿನ ಪಳ್ಳಿ ಮತ್ತು ಕನ್ನಡದ ಹಳ್ಳಿಗಳನ್ನು ಪಕ್ಕಪಕ್ಕದಲ್ಲಿಟ್ಟು ‘ಪ’ಕಾರ ‘ಹ’ಕಾರಗಳ ಸಂವಾದವನ್ನು ತೋರಿಸುವ ಅಧ್ಯಾಪಕರಿಗೆ ಈ ವಿಧಾನ ಅಪರಿಚಿತವಲ್ಲ. ತೌಲನಿಕ ವಿಧಾನವನ್ನು ನಾವು ಹಿಂದಕ್ಕೆ ನಡೆಸುತ್ತೇವೆ. ಟೋಲ್ಕಿನ್ ಅದನ್ನು ಮುಂದಕ್ಕೆ ನಡೆಸಿದರು.

ಅವರ ಮಗ ಕ್ರಿಸ್ಟೋಫರ್ ಟೋಲ್ಕಿನ್ 1988ರಿಂದ ಪ್ರಕಟಿಸಿದ ಹಸ್ತಪ್ರತಿಗಳಲ್ಲಿ ಈ ರಾಜ್ಯದ ಹೆಸರಿನ ಬೆಳವಣಿಗೆಯೂ ದಾಖಲಾಗಿದೆ. ಆರಂಭದ ಕರಡುಗಳಲ್ಲಿ ಅದು ‘ಒಂಡ್’, ಬಳಿಕ ‘ಒಂಡೋರ್’, ಕೊನೆಗೆ ‘ಗೊಂಡೋರ್’. ಭಾಷೆಯ ಧ್ವನಿನಿಯಮವನ್ನು ಪರಿಷ್ಕರಿಸಿದಾಗ ರಾಜ್ಯದ ಹೆಸರೂ ಅದರ ಹಿಂದೆಯೇ ಬದಲಾಗಬೇಕಾಯಿತು. ಲೇಖಕನ ಇಷ್ಟವನ್ನು ನಿಯಮವೊಂದು ಕಟ್ಟಿಹಾಕುವ ಇಂಥ ಸ್ಥಿತಿ ಮೋರ್, ಸ್ವಿಫ್ಟ್, ಹೋಪ್ ಇವರಲ್ಲಿ ಯಾರಿಗೂ ಬಂದಿರಲಿಲ್ಲ. ಕೆಲವರು ಈ ಹೆಸರನ್ನು ಇಥಿಯೋಪಿಯಾದ ಗೊಂಡಾರ್ ನಗರಕ್ಕೆ ಜೋಡಿಸಿದಾಗ, 1971ರ ಪತ್ರವೊಂದರಲ್ಲಿ ಟೋಲ್ಕಿನ್ ಬೇರೆ ಮೂಲವೊಂದನ್ನು ನೆನೆದರು. ಬ್ರಿಟನ್ನಿನಲ್ಲಿ ಕೆಲ್ಟಿಕ್ ಭಾಷೆಗಳಿಗೂ ಹಿಂದೆ ಇದ್ದ ಭಾಷೆಯಿಂದ ಉಳಿದುಬಂದಿರುವ ಅತ್ಯಲ್ಪ ಪದಗಳಲ್ಲಿ ಕಲ್ಲನ್ನು ಹೇಳುವ ‘ಒಂಡ್’ ಒಂದು ಎಂದು ಅವರು ಬಾಲ್ಯದಲ್ಲಿ ಓದಿದ್ದರು.

ಹೆಸರಿನ ಒಳಗಿನ ಚರಿತ್ರೆ ಒಂದು. ಹೆಸರನ್ನು ಯಾರು ಕರೆಯುತ್ತಾರೆ ಎಂಬುದು ಇನ್ನೊಂದು. ಗೊಂಡೋರಿನ ನೆರೆಯ ರಾಜ್ಯವಾದ ‘ರೋಹಾನ್’ ಎಂಬುದು ಅಲ್ಲಿಯ ಜನರು ತಮಗೆ ಇಟ್ಟುಕೊಂಡ ಹೆಸರಲ್ಲ. ಕುದುರೆಯನ್ನು ಹೇಳುವ ‘ರೊಖ್’ ಎಂಬ ಸಿಂಡರಿನ್ ಪದದಿಂದ ಗೊಂಡೋರಿನವರು ಕಟ್ಟಿದ ‘ರೊಖಂಡ್’ ಎಂಬ ಹೆಸರು ಅವರ ಬಾಯಲ್ಲಿಯೇ ಮೆತ್ತಗಾಗಿ ರೋಹಾನ್ ಆಗಿದೆ. ಅಲ್ಲಿಯ ಜನರಿಗೆ ತಮ್ಮ ನಾಡು ‘ಮಾರ್ಕ್’, ಎಂದರೆ ಗಡಿನಾಡು. ಹಳೆಯ ಇಂಗ್ಲಿಷಿನ ‘ಮೆಆರ್ಕ್’ ಎಂಬ ಪದವೇ ಅದು. ಅವರು ಗೊಂಡೋರನ್ನು ತಮ್ಮ ಮಾತಿಗೆ ತಿರುಗಿಸಿ ‘ಸ್ಟೋನಿಂಗ್‌ಲ್ಯಾಂಡ್’ ಎನ್ನುತ್ತಾರೆ. ನಾವು ಜರ್ಮನಿ ಎನ್ನುವ ದೇಶವನ್ನು ಅಲ್ಲಿಯವರು ಡಾಯ್ಚ್‌ಲಾಂಟ್ ಎನ್ನುವಂತೆ, ಒಳಗಿನವರ ಹೆಸರು ಮತ್ತು ಹೊರಗಿನವರ ಹೆಸರು ಇಲ್ಲಿ ಬೇರೆಯಾಗಿವೆ. ಎರಡು ಜನಾಂಗಗಳ ನಡುವಣ ಸಂಬಂಧವನ್ನು ಯಾವ ವಿವರಣೆಯೂ ಇಲ್ಲದೆ ಹೆಸರುಗಳೇ ಹೇಳುತ್ತವೆ.

ಮೂರನೆಯದು ಪದರಗಳು. ಹಾಬಿಟ್‌ಗಳು ನಡುದಾರಿಯಲ್ಲಿ ತಂಗುವ ‘ಬ್ರೀ’ ಎಂಬ ಊರಿನ ಹೆಸರು ಕೆಲ್ಟಿಕ್‌ನಲ್ಲಿ ಗುಡ್ಡವನ್ನು ಹೇಳುವ ಪದ. ಹತ್ತಿರದ ಕಾಡಾದ ‘ಚೆಟ್‌ವುಡ್’ ಎಂಬುದರಲ್ಲಿ ಕಾಡು ಎಂಬ ಅರ್ಥದ ಕೆಲ್ಟಿಕ್ ಪದಕ್ಕೆ ಅದೇ ಅರ್ಥದ ಇಂಗ್ಲಿಷ್ ಪದ ಅಂಟಿದೆ. ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರಿನ ‘ಬ್ರಿಲ್’ ಎಂಬ ಊರು ಹೀಗೆಯೇ ‘ಗುಡ್ಡಗುಡ್ಡ’. ಹೊಸದಾಗಿ ಬಂದವರು ಹಳಬರ ಪದದ ಅರ್ಥ ತಿಳಿಯದೆ ಅದರ ಮೇಲೆ ತಮ್ಮ ಪದವನ್ನು ಹೇರಿದಾಗ ಇಂಥ ದ್ವಿರುಕ್ತಿ ಹುಟ್ಟುತ್ತದೆ. ದ್ರಾವಿಡದ ಮಲೆ ಸಂಸ್ಕೃತದಲ್ಲಿ ‘ಮಲಯ’ವಾಗಿ, ಅದರ ಮುಂದೆ ‘ಪರ್ವತ’ ಸೇರಿ ‘ಮಲಯಪರ್ವತ’ವಾದದ್ದು ನಮ್ಮಲ್ಲಿನ ಸಮಾನ ನಿದರ್ಶನ. ಅಳಿದುಹೋದ ಭಾಷೆಯೊಂದರ ಅಥವಾ ಪಕ್ಕಕ್ಕೆ ಸರಿದ ಜನರ ಸುಳಿವು ಸ್ಥಳನಾಮದಲ್ಲಿ ಉಳಿಯುತ್ತದೆ ಎಂಬ ಸತ್ಯವನ್ನು ಟೋಲ್ಕಿನ್ ಕಲ್ಪಿತ ಭೂಪಟಕ್ಕೆ ತಂದರು.

ಡಚ್ ಮತ್ತು ಸ್ವೀಡಿಷ್ ಅನುವಾದಗಳಲ್ಲಿ ಹೆಸರುಗಳನ್ನು ನಿರ್ವಹಿಸಿದ ರೀತಿ ಅವರಿಗೆ ಒಪ್ಪಿಗೆಯಾಗಲಿಲ್ಲ. ಅನುವಾದಕರಿಗಾಗಿ ಅವರು ಸಿದ್ಧಪಡಿಸಿದ ಮಾರ್ಗದರ್ಶಿ ಅವರ ನಿಧನಾನಂತರ 1975ರಲ್ಲಿ ಅಚ್ಚಾಯಿತು. ಅದರ ಸೂತ್ರ ಸ್ಪಷ್ಟವಾಗಿದೆ: ಕಥೆಯೊಳಗಿನ ಸಾಮಾನ್ಯ ಭಾಷೆಗೆ ಸೇರಿದ, ಇಂಗ್ಲಿಷಿನಲ್ಲಿ ಅರ್ಥವಾಗುವ ಹೆಸರುಗಳನ್ನು ಅರ್ಥಕ್ಕೆ ತಕ್ಕಂತೆ ಅನುವಾದಿಸಬೇಕು, ಪಟ್ಟಿಯಲ್ಲಿಲ್ಲದ ಇತರ ಹೆಸರುಗಳನ್ನು ಹಾಗೆಯೇ ಉಳಿಸಬೇಕು. ಓದುಗನಿಗೆ ಯಾವುದು ಪರಿಚಿತ, ಯಾವುದು ಪರಕೀಯ ಎಂಬ ಅನುಪಾತವೇ ಕೆಡಬಾರದೆಂಬುದು ಇದರ ಆಶಯ.

6. ಭಾರತೀಯ ಕಿವಿಯಲ್ಲಿ

ಆ ಅನುಪಾತವು ಭಾರತದಲ್ಲಿ ಬೇರೆಯೇ ಆಗಿಬಿಡುತ್ತದೆ. ‘ರೋಹಾನ್’ ಎಂಬುದು ಫ್ರಾನ್ಸಿನ ಬ್ರಿಟನಿ ಪ್ರದೇಶದ ಪ್ರಾಚೀನ ಮನೆತನವೊಂದರ ಹೆಸರೂ ಹೌದು ಎಂದು ಟೋಲ್ಕಿನ್ ಬಲ್ಲವರಾಗಿದ್ದರು. ಅದರ ಆಕಾರ ತಮಗೆ ಮೆಚ್ಚುಗೆಯಾಗಿತ್ತೆಂದು 1967ರ ಪತ್ರವೊಂದರಲ್ಲಿ ಬರೆದಿದ್ದಾರೆ. ನಮ್ಮ ವಿದ್ಯಾರ್ಥಿಗಳಿಗೆ ಅದು ತರಗತಿಯಲ್ಲಿ ಪಕ್ಕದಲ್ಲಿ ಕುಳಿತ ಹುಡುಗನ ಹೆಸರು. ‘ಗೊಂಡೋರ್’ ಕನ್ನಡದ ನಾಲಗೆಯಲ್ಲಿ ಸ್ವರಾಂತವಾಗುವ ಸಹಜ ಒಲವಿನಿಂದ ‘ಗೊಂಡೋರು’ ಆಗಿ, ‘ಊರು’ ಎಂಬ ವಾರ್ಗಿಕದ ಹತ್ತಿರಕ್ಕೆ ಜಾರುತ್ತದೆ. ಇದು ಹಾನಿಯೇನೂ ಅಲ್ಲ. ನಿಜವಾದ ಸ್ಥಳನಾಮಗಳಿಗೂ ಗಡಿ ದಾಟಿದಾಗ ಆಗುವುದು ಇದೇ.

ಆದರೆ ಈ ಕಿವಿಗೆ ಕೇಳುವ ಇನ್ನೊಂದು ಸಂಗತಿಯನ್ನು ಲಘುವಾಗಿ ದಾಟಲಾಗದು. ಟೋಲ್ಕಿನ್ ಲೋಕದ ದಕ್ಷಿಣದ ನಾಡಿಗೆ ‘ಹರದ್’ ಎಂಬ ಹೆಸರಿದೆ. ಸಿಂಡರಿನ್‌ನಲ್ಲಿ ಅದರ ಅರ್ಥ ‘ದಕ್ಷಿಣ’, ಅಷ್ಟೇ. ಅಲ್ಲಿಯ ಜನ ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೆ ಎಂಬುದನ್ನು ಕಥೆ ಹೇಳುವುದಿಲ್ಲ. ಆಗ್ನೇಯದಲ್ಲಿ ‘ಖಂಡ್’ ಇದೆ. ಅದರ ಅರ್ಥವನ್ನು ಕಾದಂಬರಿ ವಿವರಿಸುವುದಿಲ್ಲ. ಝಾರ್ಖಂಡ, ಉತ್ತರಾಖಂಡಗಳನ್ನು ಬಲ್ಲವರಿಗೆ ಅದು ವಿವರಣೆ ಬೇಡದ ಪದ. ರೋಹಾನಿಗೆ ಒಳಗಿನ ಹೆಸರು, ಹೊರಗಿನ ಹೆಸರು ಎರಡನ್ನೂ ಕೊಟ್ಟ ಲೇಖಕ, ಶತ್ರುಪಕ್ಷದ ನಾಡುಗಳಿಗೆ ಹೊರಗಿನ ಹೆಸರನ್ನಷ್ಟೇ ಕೊಟ್ಟರು. ಹೆಸರಿನ ಚರಿತ್ರೆಯು ಗೌರವದ ಒಂದು ಬಗೆಯೂ ಹೌದು ಎಂದು ನಾವು ಭಾವಿಸುತ್ತೇವೆ. ಯಾರ ಹೆಸರಿಗೆ ಚರಿತ್ರೆ ಕೊಡಲಾಗುತ್ತದೆ, ಯಾರದು ದಿಕ್ಕಿನ ಹೆಸರಾಗಿಯೇ ಉಳಿಯುತ್ತದೆ ಎಂಬುದನ್ನು ಗಮನಿಸಿದರೆ ಕಥೆ ಯಾವ ಅಂಗಳದಲ್ಲಿ ನಿಂತು ನೋಡುತ್ತಿದೆ ಎಂಬುದು ತಿಳಿಯುತ್ತದೆ.

ನಮ್ಮ ದೇಶದ ಜನಪ್ರಿಯ ಕಥನಗಳು ಹಿಡಿದಿರುವ ದಾರಿ ಸ್ವಲ್ಪ ಭಿನ್ನ. 2015 ಮತ್ತು 2017ರ ‘ಬಾಹುಬಲಿ’ ಚಲನಚಿತ್ರಗಳ ರಾಜ್ಯಗಳ ಹೆಸರು ಮಾಹಿಷ್ಮತಿ ಮತ್ತು ಕುಂತಲ. ಎರಡೂ ಹೊಸದಾಗಿ ಕಟ್ಟಿದವಲ್ಲ. ಮಾಹಿಷ್ಮತಿ ನರ್ಮದಾ ತೀರದ ಪ್ರಾಚೀನ ನಗರ. ಕುಂತಲವಂತೂ ಕರ್ನಾಟಕದ ಶಾಸನಗಳ ಓದುಗರಿಗೆ ತೀರ ಹತ್ತಿರದ್ದು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅವರು ಆಳಿದ ದೇಶಕ್ಕೆ ಸಂದ ಹೆಸರು. ಸಂಸ್ಕೃತದಲ್ಲಿ ಕುಂತಲವೆಂದರೆ ಕೂದಲು. ಆ ಅರ್ಥಕ್ಕೂ ನೆಲಕ್ಕೂ ಇರುವ ಸಂಬಂಧ ಪಾರದರ್ಶಕವಲ್ಲ. ನಿಜವಾದ ರಾಜ್ಯಗಳ ಹೆಸರುಗಳು ಬಹುಮಟ್ಟಿಗೆ ಹೀಗೆಯೇ ಮಬ್ಬಾಗಿರುತ್ತವೆ. ಮೋರ್‌ನ ಹೆಸರುಗಳು ಸುಲಭವಾಗಿ ಬಿಡಿಸಲು ಬಂದದ್ದೇ ಅವು ಕೃತಕವೆಂಬುದಕ್ಕೆ ಸಾಕ್ಷಿ. ಇಲ್ಲಿ ಸಿನಿಮಾ ತನ್ನದೇ ಚರಿತ್ರೆಯನ್ನು ಕಟ್ಟುವ ಬದಲು ಸಿದ್ಧವಾಗಿದ್ದ ಚರಿತ್ರೆಯ ತೂಕವನ್ನು ಎರವಲು ಪಡೆಯಿತು. ಎರವಲಿಗೊಂದು ಬೆಲೆಯುಂಟು. ಅಂತರಜಾಲದಲ್ಲಿ ಕುಂತಲವನ್ನು ಹುಡುಕುವ ಹೊಸ ತಲೆಮಾರಿಗೆ ಆ ಹೆಸರು ಶಾಸನಕ್ಕಿಂತ ಮೊದಲು ಸಿನಿಮಾವನ್ನು ನೆನಪಿಸಬಹುದು.

7. ಉಪಸಂಹಾರ

ನಾಲ್ಕು ಮಾರ್ಗಗಳಲ್ಲಿ ಒಂದು ಇನ್ನೊಂದನ್ನು ತಳ್ಳಿಹಾಕಿಲ್ಲ. ವಿಡಂಬನೆಗೆ ಇಂದಿಗೂ ಮೋರ್‌ನ ವಿಧಾನವೇ ಸೂಕ್ತ. ಮಕ್ಕಳ ಕಥೆಗೆ ಸ್ವಿಫ್ಟ್‌ನ ಧ್ವನಿವಿನ್ಯಾಸಕ್ಕಿಂತ ಉತ್ತಮ ಗುರು ಸಿಗಲಾರ. ಆದರೆ ಒಂದು ಲೋಕವನ್ನೇ ಕಟ್ಟಿ ಓದುಗರನ್ನು ಅಲ್ಲಿ ಬಹುಕಾಲ ನೆಲೆಗೊಳಿಸಬೇಕೆಂದರೆ ಹೆಸರಿಗೆ ಭೂತಕಾಲ ಬೇಕು. ಆ ಭೂತಕಾಲವನ್ನು ಕೊಡುವ ಸಾಧನಗಳು ಸ್ಥಳನಾಮಶಾಸ್ತ್ರದ ನಿತ್ಯದ ಸಾಧನಗಳೇ: ಮರುಕಳಿಸುವ ವಾರ್ಗಿಕ, ಕ್ರಮಬದ್ಧ ಧ್ವನಿಪಲ್ಲಟ, ಒಳಹೆಸರು ಹೊರಹೆಸರುಗಳ ಭೇದ, ಭಾಷಾಪದರಗಳು, ಬರಹದಲ್ಲಿ ಕೆಟ್ಟ ರೂಪಗಳು.

ಕನ್ನಡದಲ್ಲಿ ಇಂಥ ಲೋಕಗಳನ್ನು ಕಟ್ಟಹೊರಡುವವರಿಗೆ ‘-ಪುರ’, ‘-ನಗರ’ ಎಂಬ ಸಂಸ್ಕೃತ ಉತ್ತರಪದಗಳು ಮೊದಲು ಕೈಗೆ ಸಿಗುತ್ತವೆ. ಅವು ಸಾಧುವೇ, ವಿಜಯನಗರವೂ ಹಾಗೆಯೇ ಬುದ್ಧಿಪೂರ್ವಕವಾಗಿ ಇಟ್ಟ ಹೆಸರು. ಆದರೆ ಅದು ಒಂದು ಪದರ ಮಾತ್ರ. ‘ಮಲೆನಾಡು’ ಎಂಬ ನಿತ್ಯದ ಪದದ ರಚನೆ ಕಲ್ಲುನಾಡಾದ ಗೊಂಡೋರಿನದೇ. ಕರ್ನಾಟಕ ಎಂಬ ಹೆಸರನ್ನು ‘ಕರಿಯ ಮಣ್ಣಿನ ನಾಡು’ ಎಂದು ವಿವರಿಸುವ ವಾದವನ್ನು ಒಪ್ಪಿದರೆ, ‘ಕಪ್ಪುನಾಡು’ ಎಂಬ ಅರ್ಥದ ಟೋಲ್ಕಿನ್‌ರ ಮೋರ್ದೋರ್‌ಗೂ ಅದಕ್ಕೂ ರಚನೆ ಒಂದೇ, ಭಾವ ಮಾತ್ರ ತದ್ವಿರುದ್ಧ: ಒಂದೆಡೆ ಕಪ್ಪು ಭಯದ ಬಣ್ಣ, ಇನ್ನೊಂದೆಡೆ ಬೆಳೆಯ ಬಣ್ಣ. ಗಂಗವಾಡಿ 96000, ನೊಳಂಬವಾಡಿ 32000, ಬನವಾಸಿ 12000 ಎಂದು ಸಂಖ್ಯೆಯನ್ನೇ ಹೆಸರಿನ ಭಾಗವಾಗಿಸಿಕೊಂಡ ನಾಡುಗಳನ್ನು ನಮ್ಮ ಶಾಸನಗಳು ಬಲ್ಲವು. ಆ ಸಂಖ್ಯೆಗಳು ಏನನ್ನು ಎಣಿಸುತ್ತವೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಇಂಥ ಹೆಸರು ಮೇಲೆ ಚರ್ಚಿಸಿದ ಲೇಖಕರಲ್ಲಿ ಯಾರಿಗೂ ಹೊಳೆಯಲಿಲ್ಲ.

ವೆಂಧ್ಯಾ ಎಂಬ ಹೆಸರನ್ನು ಕಟ್ಟಿದವನಿಗೆ ನಮ್ಮ ಸ್ಥಳನಾಮಗಳು ಅರ್ಥವಾಗದ, ಆದ್ದರಿಂದಲೇ ಆಕರ್ಷಕವಾದ ಧ್ವನಿಗಳಾಗಿದ್ದವು. ಅವುಗಳ ಒಳರಚನೆಯನ್ನು ಬಲ್ಲ ಭಾಷಿಕರೂ ಅವನ್ನು ಅದೇ ದೂರದಿಂದ ನೋಡತೊಡಗಿದರೆ ನಷ್ಟ ಕಥೆಗಳಿಗಷ್ಟೇ ಸೀಮಿತವಾಗದು. ಕ್ಷೇತ್ರಕಾರ್ಯದಲ್ಲಿ ಸಂಗ್ರಹಿಸಿದ ಪ್ರತಿಯೊಂದು ಊರು, ಕೊಪ್ಪ, ಹಾಳುಹಳ್ಳಿಯ ಹೆಸರೂ ಎರಡು ಕೆಲಸ ಮಾಡುತ್ತದೆ: ಇದ್ದ ಜನರ ಚರಿತ್ರೆಗೆ ಆಧಾರವಾಗುತ್ತದೆ, ಇರದ ನಾಡುಗಳನ್ನು ಕಟ್ಟುವವರಿಗೆ ಮಾದರಿಯಾಗುತ್ತದೆ. ಮೊದಲನೆಯದನ್ನು ನಾವು ಬಹುಕಾಲದಿಂದ ಬಲ್ಲೆವು. ಎರಡನೆಯದನ್ನೂ ಸ್ಥಳನಾಮಶಾಸ್ತ್ರದ ಪ್ರಯೋಜನಗಳ ಪಟ್ಟಿಗೆ ಸೇರಿಸಬೇಕೆಂಬುದು ಈ ಲೇಖನದ ವಿನಂತಿ.